ಆಪರೇಷನ್ ಚೆನ್ನಾಗಿ ಆಯಿತಲ್ಲ, ಇನ್ನೂ ಯಾಕೆ ಭಯ?

ಹೊಟ್ಟೆಯಲ್ಲಿ ಉಬ್ಬಿ ಒಡೆದ ಮಹಾಪಧಮನಿಯನ್ನು, ಅಂದರೆ ಹೃದಯದಿಂದ ರಕ್ತ ಒಯ್ಯುವ ಮುಖ್ಯ ರಕ್ತನಾಳವನ್ನು, ಸರಿಪಡಿಸಿದ ಮೇಲೆ ಐಸಿಯು ಬಾಗಿಲಲ್ಲಿ ಮನೆಯವರು ನನ್ನನ್ನು ಕೇಳುವುದು ಇದನ್ನೇ: "ಆಪರೇಷನ್ ಚೆನ್ನಾಗಿ ಆಯ್ತು ಅಂದ್ರಲ್ಲ ಡಾಕ್ಟ್ರೇ, ಮತ್ಯಾಕೆ ಏನೂ ಹೇಳಕ್ಕಾಗಲ್ಲ ಅಂತೀರಿ?"

ರಕ್ತ ಸೋರುವುದು ನಿಂತಿದೆ, ಅದು ನಿಜ. ಆದರೆ ಸೋರುತ್ತಿದ್ದಷ್ಟು ಹೊತ್ತೂ ಕಿಡ್ನಿ, ಕರುಳು, ಹೃದಯ ಎಲ್ಲವೂ ರಕ್ತ ಸಾಲದೆ ಒದ್ದಾಡಿರುತ್ತವೆ. ಆ ಪೆಟ್ಟು ಹೊರಗೆ ಕಾಣಿಸಿಕೊಳ್ಳುವುದು ಆಮೇಲೆ. ಮೂತ್ರ ಇಳಿಯುವುದು ಕಡಿಮೆಯಾಗಿ ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ. ನ್ಯುಮೋನಿಯಾ, ಹೃದಯಾಘಾತಗಳ ಅಪಾಯವೂ ಇದ್ದೇ ಇರುತ್ತದೆ.

ನನಗೆ ಹೆಚ್ಚು ಆತಂಕ ಹೊಟ್ಟೆಯದೇ. ಒಳಗೆ ಶೇಖರವಾದ ರಕ್ತ, ಊದಿಕೊಂಡ ಕರುಳು ಸೇರಿ ಒತ್ತಡ ಏರುತ್ತದೆ. ಮೂತ್ರಕೋಶಕ್ಕೆ ಹಾಕಿದ ಕ್ಯಾಥೆಟರ್ ಮೂಲಕ ಅದನ್ನು ಮತ್ತೆ ಮತ್ತೆ ಅಳೆಯುತ್ತೇವೆ. ಒತ್ತಡ 20 ಮಿ.ಮೀ. ಪಾದರಸ ದಾಟಿಯೇ ಉಳಿದು, ಜೊತೆಗೆ ಕಿಡ್ನಿಯೋ ಶ್ವಾಸಕೋಶವೋ ಹೊಸದಾಗಿ ಸೋಲತೊಡಗಿದರೆ, ಹೊಟ್ಟೆಯನ್ನು ತೆರೆದು ಹಾಗೆಯೇ ಬಿಡಬೇಕಾಗಬಹುದು. ಮನೆಯವರಿಗೆ ಅದನ್ನು ನೋಡುವುದು ಬಹಳ ಕಷ್ಟ. ಅದು ಜೀವ ಉಳಿಸಲೆಂದೇ ಮಾಡಿದ್ದು ಎಂದು ಕೂತು ವಿವರಿಸುತ್ತೇನೆ. ಇನ್ನೊಂದು, ದೊಡ್ಡಕರುಳಿನ ಎಡಭಾಗ. ಅಲ್ಲಿಗೆ ರಕ್ತ ಸಾಲದೆ ಕರುಳು ಕೊಳೆತರೆ, ಆ ಭಾಗವನ್ನು ತೆಗೆಯಲು ಮತ್ತೊಂದು ಆಪರೇಷನ್. ಆಪರೇಷನ್ ಆದ ಬೆನ್ನಿಗೇ ಮಲದಲ್ಲಿ ರಕ್ತ ಕಂಡರೆ ನಾವು ಕಾಯುವುದಿಲ್ಲ.

ಹಾಗಾದರೆ ಬದುಕುವವರೆಷ್ಟು? ಒಡೆದವರಲ್ಲಿ ಅನೇಕರು ಆಸ್ಪತ್ರೆ ತಲುಪುವುದೇ ಇಲ್ಲ. ತಲುಪಿದವರ ಬಗ್ಗೆ, ಬಹುಪಾಲು ಬ್ರಿಟನ್‌ನಲ್ಲಿ 613 ರೋಗಿಗಳ ಮೇಲೆ ನಡೆದ ಇಂಪ್ರೂವ್ ಅಧ್ಯಯನವಿದೆ. ತೊಡೆಸಂದಿಯ ರಕ್ತನಾಳದಿಂದ ಸ್ಟೆಂಟ್ ಗ್ರಾಫ್ಟ್ (ಒಡೆದ ಜಾಗವನ್ನು ಒಳಗಿನಿಂದ ಮುಚ್ಚುವ ಕೊಳವೆ) ಕೂರಿಸುವುದಕ್ಕೆ ಆದ್ಯತೆ ಕೊಟ್ಟ ಗುಂಪಿನಲ್ಲಿ 30 ದಿನಗಳೊಳಗೆ ತೀರಿಕೊಂಡವರು ಶೇ. 35, ಹೊಟ್ಟೆ ತೆರೆದು ಮಾಡುವ ಗುಂಪಿನಲ್ಲಿ ಶೇ. 37. ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಮೂರು ವರ್ಷದ ಹೊತ್ತಿಗೆ ತೀರಿಕೊಂಡವರು ಸ್ಟೆಂಟ್ ಗ್ರಾಫ್ಟ್ ಗುಂಪಿನಲ್ಲಿ ಶೇ. 48, ಹೊಟ್ಟೆ ತೆರೆದ ಗುಂಪಿನಲ್ಲಿ ಶೇ. 56. ಹಾಗಾಗಿ ರಕ್ತನಾಳದ ಆಕಾರ ಹೊಂದುವುದಾದರೆ ನಾನು ಸ್ಟೆಂಟ್ ಗ್ರಾಫ್ಟ್ ಪರ. ಅದನ್ನು ಹಾಕಿಸಿಕೊಂಡವರು ಮನೆಗೆ ಹೋದ ಮೇಲೂ ಸ್ಕ್ಯಾನ್ ತಪ್ಪಿಸಬಾರದು, ಗ್ರಾಫ್ಟ್‌ನ ಹೊರಗೆ ರಕ್ತ ಮತ್ತೆ ಸೋರಬಹುದು.

ರೋಗಿಯ ಒಡಹುಟ್ಟಿದವರಿಗೆ, ಅದರಲ್ಲೂ ಬೀಡಿ ಸಿಗರೇಟು ಸೇದಿದ ಅಣ್ಣತಮ್ಮಂದಿರಿಗೆ, ಅಲ್ಲೇ ಬಾಗಿಲಲ್ಲೇ ಹೇಳಿಬಿಡುತ್ತೇನೆ: ನೀವೂ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಿ. ಈ ಕಾಯಿಲೆ ಕುಟುಂಬಗಳಲ್ಲಿ ಬರುತ್ತದೆ, ಒಡೆಯುವ ತನಕ ನೋವೇ ಇರದಿರಬಹುದು.