ಆ ಕ್ಯಾಪ್ಟನ್‌ನ ಗುರುತುಪತ್ರವನ್ನು ಯಾರೂ ಏಕೆ ಕೇಳಲಿಲ್ಲ?

ಹಳೆಯ ಜರ್ಮನ್ ನಗೆಚಿತ್ರ ಯಾವುದನ್ನು ನೋಡಬಹುದು ಎಂದವರಿಗೆ ನಾನು ಹೇಳುವುದು 1956ರ ‘ಡೇರ್ ಹಾಪ್ಟ್‌ಮಾನ್ ಫೊನ್ ಕೊಪೆನಿಕ್’, ಅಂದರೆ ಬರ್ಲಿನ್ ಪಕ್ಕದ ಕೊಪೆನಿಕ್ ಪಟ್ಟಣದ ಕ್ಯಾಪ್ಟನ್. ನೋಡಿದವರಲ್ಲಿ ಬಹಳ ಮಂದಿ ಒಂದೇ ಪ್ರಶ್ನೆಯೊಂದಿಗೆ ಮರಳುತ್ತಾರೆ: ಜೈಲಿನಿಂದ ಬಂದ, ಬೂಟು ಹೊಲಿಯುವ ಕಸುಬಿನ ಮುದುಕನೊಬ್ಬ ಗುಜರಿ ಅಂಗಡಿಯ ಸಮವಸ್ತ್ರ ತೊಟ್ಟು ಆಜ್ಞೆ ಮಾಡಿದರೆ ಸೈನಿಕರು ಬೆನ್ನು ಹತ್ತಿ ಹೋಗುತ್ತಾರೆಯೇ? ಮೇಯರ್‌ನನ್ನೇ ಬಂಧಿಸಿದರೂ ಒಬ್ಬನಾದರೂ ಗುರುತುಪತ್ರ ಕೇಳುವುದಿಲ್ಲವೇ? ನಗಿಸುವುದಕ್ಕಾಗಿಯೇ ಆದರೂ ಇದು ಅತಿಯಾಯಿತಲ್ಲವೇ?

ಅತಿಯಾಗಿಲ್ಲ, ಇದು ನಡೆದ ಸಂಗತಿ. 1906ರ ಅಕ್ಟೋಬರ್ 16ರಂದು ವಿಲ್‌ಹೆಲ್ಮ್ ಫೋಕ್ಟ್ ಎಂಬ 57 ವರ್ಷದವನು ಬರ್ಲಿನ್‌ನ ಬೀದಿಯಲ್ಲಿ ಕಾವಲು ಮುಗಿಸಿ ಬರುತ್ತಿದ್ದ ಸೈನಿಕರನ್ನು ತಡೆದು ನಿಲ್ಲಿಸಿದ. ಇನ್ನಷ್ಟು ಮಂದಿಯನ್ನು ಸೇರಿಸಿಕೊಂಡು ಅವರನ್ನೆಲ್ಲ ರೈಲಿನಲ್ಲಿ ಕೊಪೆನಿಕ್‌ಗೆ ಕರೆದೊಯ್ದ. ಅಲ್ಲಿ ಅವರಿಗೆ ಊಟ ಮಾಡಿಸಿ, ನಗರಾಡಳಿತದ ಕಚೇರಿಯ ಬಾಗಿಲುಗಳಿಗೆ ಕಾವಲು ಹಾಕಿದ. ಮೇಯರ್ ಲಾಂಗರ್‌ಹಾನ್ಸ್‌ನನ್ನೂ ಖಜಾಂಚಿಯನ್ನೂ ಬಂಧಿಸಿ ಬರ್ಲಿನ್‌ಗೆ ಕಳುಹಿಸಿದ. ಖಜಾನೆಯಲ್ಲಿದ್ದ 3,557 ಮಾರ್ಕ್ 45 ಫೆನಿಗ್ ಹಣವನ್ನು ಎಣಿಸಿಕೊಂಡು, ರಸೀದಿಗೆ ಸುಳ್ಳು ಸಹಿ ಹಾಕಿ ಹೊರಟುಹೋದ. ಆ ರಸೀದಿಯ ವಿವರ ನನಗೆ ತುಂಬ ಮುಖ್ಯವೆನಿಸುತ್ತದೆ. ದರೋಡೆಯ ನಡುವೆಯೂ ಆ ಕಚೇರಿಯಲ್ಲಿ ಲೆಕ್ಕದ ಶಿಸ್ತು ಒಂದಿಷ್ಟೂ ಕೆಡಲಿಲ್ಲ. ಹತ್ತು ದಿನಗಳ ಮೇಲೆ ಅವನು ಸಿಕ್ಕಿಬಿದ್ದ. ನಾಲ್ಕು ವರ್ಷಗಳ ಶಿಕ್ಷೆಯಾಯಿತು. ಆದರೆ ಅಷ್ಟರಲ್ಲಿ ಜಗತ್ತೇ ನಕ್ಕಾಗಿತ್ತು, 1908ರಲ್ಲಿ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ ಕ್ಷಮೆ ನೀಡಿ ಅವನನ್ನು ಬಿಡುಗಡೆ ಮಾಡಿದ.

ಹಾಗಾದರೆ ಗುರುತುಪತ್ರವನ್ನು ಏಕೆ ಕೇಳಲಿಲ್ಲ? ಚಿತ್ರದ ಮೊದಲರ್ಧವನ್ನು ನೆನಪಿಸಿಕೊಳ್ಳಿ. ಅಲ್ಲಿ ಅವನನ್ನು ಎಲ್ಲರೂ ಕೇಳುವುದು ಕಾಗದವನ್ನೇ. ಕೆಲಸ ಕೊಡುವವನು ವಾಸದ ಪರವಾನಗಿ ಎಲ್ಲಿ ಎನ್ನುತ್ತಾನೆ. ಪರವಾನಗಿ ಕೊಡುವ ಪೊಲೀಸ್ ಅಧಿಕಾರಿ ಮೊದಲು ಕೆಲಸ ತೋರಿಸು ಎನ್ನುತ್ತಾನೆ. ದೇಶ ಬಿಟ್ಟೇ ಹೋಗೋಣವೆಂದರೆ ಪಾಸ್‌ಪೋರ್ಟ್ ಇಲ್ಲ. ಶಿಕ್ಷೆ ಮುಗಿಸಿ ಬಂದವನಿಗೆ ನಿಲ್ಲಲೂ ಜಾಗವಿಲ್ಲ, ಹೊರಡಲೂ ದಾರಿಯಿಲ್ಲ. ಅದೇ ಮನುಷ್ಯ ಕ್ಯಾಪ್ಟನ್‌ನ ಅಂಗಿ ತೊಟ್ಟ ಗಳಿಗೆಯಿಂದ ಅವನನ್ನು ಕಾಗದ ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಮೇಯರ್ ಒಮ್ಮೆ ಬಾಯಿ ತೆರೆಯುತ್ತಾನೆ. ಹಿಂದೆ ನಿಂತ ಬಂದೂಕುಗಳನ್ನು ತೋರಿಸಿದರೆ ಸಾಕು, ಬಾಯಿ ಮುಚ್ಚುತ್ತದೆ. ನೀವು ಕೇಳುವ ಪ್ರಶ್ನೆಯನ್ನು ಅಂದು ಆ ಕಚೇರಿಯಲ್ಲಿದ್ದ ಒಬ್ಬನೂ ಗಟ್ಟಿಯಾಗಿ ಕೇಳಲಿಲ್ಲ ಎಂಬುದೇ ಈ ಕಥೆಯ ಜೀವಾಳ. ಚಿತ್ರದಲ್ಲಿ ಅವನಿಗೆ ಬೇಕಾದದ್ದು ಹಣವಲ್ಲ, ಪಾಸ್‌ಪೋರ್ಟ್. ಆ ಕಚೇರಿಯಲ್ಲಿ ಪಾಸ್‌ಪೋರ್ಟ್ ವಿಭಾಗವೇ ಇಲ್ಲ ಎಂದು ತಿಳಿಯುವ ಗಳಿಗೆಯಲ್ಲಿ ನನಗೆ ನಗು, ಸಂಕಟ ಎರಡೂ ಒಟ್ಟಿಗೇ ಬರುತ್ತವೆ.

ಚಿತ್ರದಲ್ಲಿ ಕವಾಯತಿನ ಮಾತುಗಳನ್ನು ಅವನು ಕಲಿತದ್ದೂ ಜೈಲಿನಲ್ಲಿಯೇ. ಸೈನ್ಯದ ಹುಚ್ಚು ಹಿಡಿದ ಜೈಲಿನ ಅಧಿಕಾರಿ 1870ರಲ್ಲಿ ಫ್ರಾನ್ಸ್ ವಿರುದ್ಧ ನಡೆದ ಸೆಡಾನ್ ಯುದ್ಧದ ವಿಜಯವನ್ನು ಕೈದಿಗಳಿಂದ ಆಡಿಸಿ ಸಂಭ್ರಮಿಸುತ್ತಾನೆ. ಅಲ್ಲಿ ಫೋಕ್ಟ್ ಒಳ್ಳೆಯ ವಿದ್ಯಾರ್ಥಿ. ಅವನನ್ನು ಕ್ಯಾಪ್ಟನ್ನಾಗಿ ತಯಾರು ಮಾಡಿದ್ದು ಸರ್ಕಾರವೇ!

ಈ ಚಿತ್ರ ಬಂದ ಕಾಲವನ್ನೂ ನೋಡಬೇಕು. ಕಾರ್ಲ್ ತ್ಸುಕ್‌ಮಾಯರ್ ಇದನ್ನು ನಾಟಕವಾಗಿ ಬರೆದು 1931ರಲ್ಲಿ ಬರ್ಲಿನ್‌ನಲ್ಲಿ ರಂಗಕ್ಕೆ ತಂದಿದ್ದರು. ಎರಡು ವರ್ಷಗಳಲ್ಲಿ ಹಿಟ್ಲರ್ ಬಂದ, ನಾಟಕ ನಿಂತಿತು, ನಾಟಕಕಾರರು ಮುಂದೆ ಅಮೆರಿಕಕ್ಕೆ ಹೋಗಬೇಕಾಯಿತು. ಯುದ್ಧಾನಂತರ ನಿರ್ದೇಶಕ ಹೆಲ್ಮುಟ್ ಕೊಯ್ಟ್ನರ್ ಅವರೊಂದಿಗೆ ಕೂತು ಚಿತ್ರಕಥೆ ಬರೆದವರೂ ಅವರೇ. ಚಿತ್ರ ತಯಾರಿಸಿದ ಹ್ಯಾಂಬರ್ಗ್‌ನ ಗ್ಯುಲಾ ಟ್ರೆಬಿಟ್ಶ್ ನಾಜಿ ಸೆರೆಶಿಬಿರಗಳಿಂದ ಬದುಕಿ ಬಂದವರು. ಸಮವಸ್ತ್ರಕ್ಕೆ ತಲೆಬಾಗುವುದರ ಬೆಲೆ ಏನೆಂದು ಇಂಥವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪಶ್ಚಿಮ ಜರ್ಮನಿ 1955ರಲ್ಲಿ ಮತ್ತೆ ಸೈನ್ಯ ಕಟ್ಟಿತು, 1956ರ ಜುಲೈನಲ್ಲಿ ಕಡ್ಡಾಯ ಸೇನಾ ಸೇವೆಯ ಕಾನೂನು ಬಂತು. ಅದರ ಮರುತಿಂಗಳೇ ಈ ಚಿತ್ರ ತೆರೆಗೆ ಬಂತು. ಜನ ಮುಗಿಬಿದ್ದು ನೋಡಿದರು.

ಫೋಕ್ಟ್‌ನಾಗಿ ನಟಿಸಿದ ಹೈಂಜ್ ರೂಮನ್ ಅದುವರೆಗೆ ಜರ್ಮನರಿಗೆ ಹಗುರ ಹಾಸ್ಯದ ನಾಯಕ, ಹಿಟ್ಲರ್ ಕಾಲದಲ್ಲಿಯೂ ದೊಡ್ಡ ತಾರೆ. ಆದ್ದರಿಂದ ಅವರ ಮುಖ ಕಂಡೊಡನೆ ನಗಲು ಪ್ರೇಕ್ಷಕರು ಸಿದ್ಧರಾಗಿಯೇ ಬಂದಿರುತ್ತಿದ್ದರು. ಅವರು ಮಾತ್ರ ಇಲ್ಲಿ ನಗಿಸಲು ಅವಸರಪಡುವುದಿಲ್ಲ. ಕಾಯಿಲೆಯ ಹುಡುಗಿಯೊಬ್ಬಳ ಹಾಸಿಗೆಯ ಪಕ್ಕ ಕೂತು, ಮುದಿಯಾದ ಕತ್ತೆ, ನಾಯಿ, ಬೆಕ್ಕು, ಹುಂಜಗಳು ಬ್ರೆಮೆನ್ ಪಟ್ಟಣಕ್ಕೆ ಹೊರಡುವ ಕಥೆ ಓದುವ ದೃಶ್ಯವನ್ನು ಗಮನವಿಟ್ಟು ನೋಡಿ. ಸಾವಿಗಿಂತ ಒಳ್ಳೆಯದೇನಾದರೂ ಎಲ್ಲಿಯಾದರೂ ಸಿಕ್ಕೀತು ಎಂಬ ಆ ಕಥೆಯ ಮಾತನ್ನು ಅವನು ಮುಂದೆ ತನ್ನ ಬದುಕಿಗೇ ಅನ್ವಯಿಸಿಕೊಳ್ಳುತ್ತಾನೆ. ಕ್ಯಾಪ್ಟನ್ ಹುಟ್ಟುವುದು ಅಂಗಡಿಯಲ್ಲಿ ಸಮವಸ್ತ್ರ ಕೊಂಡಾಗ ಎಂದು ಹಲವರು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅವನು ಹುಟ್ಟುವುದು ಈ ಹಾಸಿಗೆಯ ಪಕ್ಕದಲ್ಲಿ.