ಪಸೆ ಇರುವ ಊರಿನಲ್ಲಿ ರೆಸಿನ್ ನೆಲ

ಬೇಕರಿ, ಎಣ್ಣೆ ಮಿಲ್ಲು, ಗೋದಾಮು ಕಟ್ಟುವವರು ರೆಸಿನ್ ನೆಲ, ಅಂದರೆ ಕಾಂಕ್ರೀಟಿನ ಮೇಲೆ ಹಾಕಿ ಗಟ್ಟಿಯಾಗುವ ರಾಳದ ಪದರ, ಬೇಕೆಂದು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಬಣ್ಣ, ಆಮೇಲೆ ಚದರಡಿಗೆ ಎಷ್ಟು ಎಂದು. ಕುಂಬಳೆಯವರಾದರೂ ಅಷ್ಟೆ, ಮುಳ್ಳೇರಿಯದವರಾದರೂ ಅಷ್ಟೆ. ನಾನು ತಿರುಗಿ ಕೇಳುವುದು ಆ ನೆಲದ ಮೇಲೆ ಏನು ಚೆಲ್ಲುತ್ತದೆ, ಚೆಲ್ಲುವಾಗ ಅದು ಎಷ್ಟು ಬಿಸಿ ಇರುತ್ತದೆ ಎಂದು. ಅಡಿಯ ಕಾಂಕ್ರೀಟಿನಲ್ಲಿ ಪಸೆ ಎಷ್ಟಿದೆ ಎಂದು ಕೇಳಿ ಪ್ರಯೋಜನವಿಲ್ಲ. ಅದನ್ನು ನಾನೇ ಹೋಗಿ ನೋಡಬೇಕು.

ನಾನು ಪೆರ್ಲದವಳು. ಮಂಗಳೂರಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಈಗ ತಮ್ಮನ ಜೊತೆ ಸೇರಿ ರೆಸಿನ್ ನೆಲದ ಕೆಲಸ ಮಾಡಿಸುತ್ತೇನೆ. ಕೈಪಿಡಿಗಳಲ್ಲಿ ಇರುವುದೆಲ್ಲ ಒಣ ಊರಿನ ಲೆಕ್ಕ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಮುರಕಲ್ಲಿನ ನೆಲ ನೀರು ಕುಡಿದು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ. ಇಲ್ಲಿ ರೆಸಿನ್ ನೆಲ ಉಳಿಯುವುದೂ ಹಾಳಾಗುವುದೂ ನೀರಿನಿಂದಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬದಿಯಡ್ಕದ ಹತ್ತಿರ ಒಂದು ಬೇಕರಿಯ ಕೆಲಸ ಹೇಳುತ್ತೇನೆ. ಯಜಮಾನರು ಅಪ್ಪನ ಸ್ನೇಹಿತರು, ನಾನು ಮಾವ ಎಂದೇ ಕರೆಯುವುದು. ಇಡೀ ಕಟ್ಟಡಕ್ಕೆ ಹಸಿರು ಎಪಾಕ್ಸಿ (ಎರಡು ಡಬ್ಬದ ದ್ರವ ಬೆರೆಸಿ ಹಾಕುವ ರೆಸಿನ್) ಹಾಕಬೇಕು, ಲೈಸೆನ್ಸಿಗೆ ಅದು ಕಡ್ಡಾಯವಂತೆ ಎಂದು ಯಾರೋ ಅವರಿಗೆ ಹೇಳಿದ್ದರು. ಆಹಾರ ಸುರಕ್ಷತೆಯ 2011ರ ಲೈಸೆನ್ಸಿಂಗ್ ನಿಯಮಗಳ 4ನೇ ಅನುಸೂಚಿ ಕೇಳುವುದು ಸುಲಭವಾಗಿ ತೊಳೆಯಬಹುದಾದ, ನೀರು ಹರಿದು ಹೋಗುವ ನೆಲವನ್ನು. ಎಪಾಕ್ಸಿಯೇ ಆಗಬೇಕೆಂದು ಅದು ಹೇಳುವುದಿಲ್ಲ.

ಅಡಿಗೆ ಕೋಣೆಯಲ್ಲಿ ಸಕ್ಕರೆ ಪಾಕ ಚೆಲ್ಲುತ್ತದೆ, ರಾತ್ರಿ ಕುದಿನೀರು ಹೊಯ್ದು ತೊಳೆಯುತ್ತಾರೆ. ಸಾಮಾನ್ಯ ಎಪಾಕ್ಸಿ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಬಿಸಿಗೆ ಎಪಾಕ್ಸಿ ಹಿಗ್ಗುವಷ್ಟು ಅಡಿಯ ಕಾಂಕ್ರೀಟ್ ಹಿಗ್ಗುವುದಿಲ್ಲ. ದಿನಾ ಹಿಗ್ಗಿ ಕುಗ್ಗಿ ಒಂದು ದಿನ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅಲ್ಲಿಗೆ ಬೇಕಾದ್ದು ಪಿಯು ಸ್ಕ್ರೀಡ್, ಅಂದರೆ ಪಾಲಿಯುರೆಥೇನ್, ಸಿಮೆಂಟ್ ಮತ್ತು ಹೊಯ್ಗೆ ಸೇರಿದ ದಪ್ಪ ಗಾರೆ. ಅದು ಹೆಚ್ಚುಕಡಿಮೆ ಕಾಂಕ್ರೀಟಿನಷ್ಟೇ ಹಿಗ್ಗುತ್ತದೆ. 6 ಮಿ.ಮೀ. ಹಾಕಿದರೆ ಬಿಸಿನೀರಿಗೆ ಸಾಕು. ಎಣ್ಣೆ ಕುದಿಯುವ, ಹಬೆ ಹಾಯಿಸಿ ತೊಳೆಯುವ ಕಡೆ 9 ಮಿ.ಮೀ. ಬೇಕು.

"ಎಂತ ಮಗಳೇ, ನೆಲಕ್ಕೆ ಇಷ್ಟು ದುಡ್ಡಾ?" ಎಂದರು ಮಾವ. ಪಿಯು ದುಬಾರಿ ಹೌದು. ಆದರೆ ಅದು ಬೇಕಾದ್ದು ಅಡಿಗೆ ಕೋಣೆಗೆ, ತೊಳೆಯುವ ಜಾಗಕ್ಕೆ ಮಾತ್ರ. ಪ್ಯಾಕಿಂಗ್ ಕೋಣೆಗೆ 2 ಮಿ.ಮೀ. ತಾನಾಗಿ ಸಮತಟ್ಟಾಗುವ ಎಪಾಕ್ಸಿ ಸಾಕು ಎಂದೆ. ಎದುರಿನ ಅಂಗಡಿಗೆ ರೆಸಿನ್ ಬೇಡವೇ ಬೇಡ. ಅಲ್ಲಿ ಬಿಸಿಲು ನೇರ ಬೀಳುತ್ತದೆ, ಎಪಾಕ್ಸಿ ಹಳದಿಯಾಗುತ್ತದೆ, ಒಳ್ಳೆಯ ಟೈಲ್ಸ್ ಹಾಕಿಸಿ ಎಂದೆ. ನನ್ನ ಕೆಲಸ ಕಡಿಮೆಯಾಯಿತು. ಸಲಹೆ ಮಾತ್ರ ಸರಿಯಾದದ್ದೇ.

ಇನ್ನು ಪಸೆ. ಹೊಸ ಕಾಂಕ್ರೀಟಿಗೆ 28 ದಿನ ಬಿಟ್ಟರೆ ಸಾಕು ಎನ್ನುತ್ತಾರೆ. ಅದು ಗಟ್ಟಿಯಾಗುವ ಲೆಕ್ಕ, ಒಣಗುವ ಲೆಕ್ಕ ಬೇರೆ. ಎಪಾಕ್ಸಿಗೆ ಸಾಮಾನ್ಯವಾಗಿ ಕಾಂಕ್ರೀಟಿನ ತೇವ ಶೇ. 4ಕ್ಕಿಂತ ಕಡಿಮೆ ಇರಬೇಕು. ತೇವ ಅಳೆಯುವ ಮೀಟರ್ ಇಲ್ಲದವರೂ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಬಿಗಿದು, ಕಡಿಮೆಯೆಂದರೆ 16 ಗಂಟೆ ಬಿಡಿ. ಎತ್ತಿ ನೋಡುವಾಗ ಅಡಿಯಲ್ಲಿ ನೀರ ಹನಿ ಕಂಡರೆ, ಕಾಂಕ್ರೀಟ್ ಕಪ್ಪಗಾಗಿದ್ದರೆ, ಎಪಾಕ್ಸಿ ಹಾಕುವ ಹೊತ್ತು ಬಂದಿಲ್ಲ. ಒಂದೇ ಕಡೆ ಮಾಡಿ ಸಮಾಧಾನಪಡಬೇಡಿ. ಗೋಡೆಯ ಬುಡ, ಚರಂಡಿಯ ಬದಿ, ನಡುಮಧ್ಯ ಎಲ್ಲ ಕಡೆ ಮಾಡಬೇಕು.

ಉಪ್ಪಳದ ಕಡೆ ಬೇರೆಯವರು ಮಾಡಿದ ಒಂದು ನೆಲ ನೋಡಲು ಕರೆದಿದ್ದರು. ಹೊಳೆಯುವ ಎಪಾಕ್ಸಿಯ ಮೇಲೆ ಅಲ್ಲಲ್ಲಿ ಗುಳ್ಳೆ. ಚುಚ್ಚಿದರೆ ಒಳಗಿಂದ ಒತ್ತಡಕ್ಕೆ ಚಿಮ್ಮಿ ಬಂದದ್ದು ಅಂಟಂಟಾದ, ವಾಸನೆಯ ನೀರು. ಮಣ್ಣಿನ ಪಸೆ ಮೇಲೇರಿ ರೆಸಿನ್ನಿನ ಅಡಿ ಸಿಕ್ಕಿಹಾಕಿಕೊಂಡಿತ್ತು. ಹಳೆಯ ಕಟ್ಟಡ, ಕಾಂಕ್ರೀಟಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿರಲಿಲ್ಲ. ಹೊಸದಾಗಿ ಕಟ್ಟುವವರು ದಯವಿಟ್ಟು ಆ ಹಾಳೆಯಲ್ಲಿ ಉಳಿತಾಯ ಮಾಡಬೇಡಿ.

ಗಾಳಿಯ ತೇವವೂ ಅಷ್ಟೇ ಮುಖ್ಯ. ನೆಲದ ಬಿಸಿ ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ 3 ಡಿಗ್ರಿಯಾದರೂ ಹೆಚ್ಚಿರಬೇಕು ಎಂಬುದು ನಿಯಮ. ಜುಲೈಯಲ್ಲಿ ನಮ್ಮಲ್ಲಿ ಗಾಳಿ 28 ಡಿಗ್ರಿ, ಆರ್ದ್ರತೆ ಶೇ. 90 ಇದ್ದರೆ ಇಬ್ಬನಿ ಕಟ್ಟುವುದು ಸುಮಾರು 26ರಲ್ಲಿ. ಅಂದರೆ ನೆಲ 29 ಇರಬೇಕು, ಗಾಳಿಗಿಂತಲೂ ಬಿಸಿ! ಬಿಸಿಲೇ ಕಾಣದ ಕೋಣೆಯಲ್ಲಿ ಅದು ಆಗದ ಮಾತು. ಫೆಬ್ರವರಿ ಮಧ್ಯಾಹ್ನ 32 ಡಿಗ್ರಿ, ಶೇ. 50 ಆರ್ದ್ರತೆ ಎಂದರೆ ಇಬ್ಬನಿಯ ಲೆಕ್ಕ 20ಕ್ಕೆ ಇಳಿಯುತ್ತದೆ, ನೆಲ 24 ಇದ್ದರೂ ಧೈರ್ಯವಾಗಿ ಹಾಕಬಹುದು. ತೇವದ ಗಾಳಿಯಲ್ಲಿ ಎಪಾಕ್ಸಿಯನ್ನು ಗಟ್ಟಿ ಮಾಡಲು ಬೆರೆಸುವ ಹಾರ್ಡನರ್ ಗಾಳಿಯ ನೀರಿನೊಂದಿಗೆ, ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಮೇಲೆ ಬಿಳಿಚು ಜಿಡ್ಡು ಕಟ್ಟುತ್ತದೆ. ಅದನ್ನು ತೊಳೆಯದೆ ಎರಡನೆಯ ಪದರ ಹಾಕಿದರೆ ಹಿಡಿಯುವುದಿಲ್ಲ.

ಇಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಒಂದಿದೆ. ತೇವಕ್ಕೆ ಅಷ್ಟಾಗಿ ಅಂಜದ ಹಾರ್ಡನರ್‌ಗಳಲ್ಲಿ ಫೆನಾಲ್ಕಮೈನ್ ಎಂಬ ಬಗೆ ಇದೆ. ಅದನ್ನು ಮಾಡುವುದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ತೆಗೆದ ಕಾರ್ಡನಾಲ್‌ನಿಂದ. ಗೇರುಬೀಜ ಸುಲಿದು ಕೈ ಸುಟ್ಟುಕೊಂಡ ಹೆಂಗಸರು ನಮ್ಮೂರಲ್ಲಿ ಮನೆಮನೆಯಲ್ಲಿ ಸಿಗುತ್ತಾರೆ, ನನ್ನ ಅಜ್ಜಿಯ ಬೆರಳಿನ ಕಲೆ ಕೊನೆಯವರೆಗೂ ಹೋಗಲಿಲ್ಲ. ಅದೇ ಸಿಪ್ಪೆಯ ಎಣ್ಣೆ ಪಸೆಯ ನೆಲಕ್ಕೆ ಪ್ರೈಮರ್, ಅಂದರೆ ಎಲ್ಲಕ್ಕಿಂತ ಮೊದಲು ಹಚ್ಚುವ ಅಡಿಪದರ, ಆಗಿ ಡಬ್ಬದಲ್ಲಿ ಬರುತ್ತದೆ. ಆದರೆ ಇದರ ಬಣ್ಣ ಕಂದು, ಮೇಲಿನ ಪದರಕ್ಕೆ ಹೊಂದುವುದಿಲ್ಲ. ಅಡಿಯಲ್ಲಿ ಬಳಸಬೇಕು.

ನೆಲ ಕೆರೆಯುವ ವಿಷಯಕ್ಕೆ ಮೇಸ್ತ್ರಿಗಳಿಗೆ ಬೇಸರವಾಗುತ್ತದೆ. ಬೇಕರಿಯ ಕಾಂಕ್ರೀಟ್ ಹಾಕಿದವರು ವಯಸ್ಸಾದವರು, ಹಿಂದೆ ಎಷ್ಟೋ ಮನೆಗಳಿಗೆ ಕನ್ನಡಿಯಂಥ ಕಾವಿ ನೆಲ ಮಾಡಿಕೊಟ್ಟ ಕೈ. ಸಿಮೆಂಟ್ ಪುಡಿ ಉದುರಿಸಿ ಕರಣೆಯಲ್ಲಿ ಉಜ್ಜಿ ನಯ ಮಾಡಿದ್ದರು. "ಇಷ್ಟು ಚಂದ ಮಾಡಿದ್ದನ್ನು ಕೆರೆಯುವುದಾ ಅಕ್ಕಾ?" ಎಂದು ಕೇಳಿದರು. ಆ ನಯದ ತೆಳು ಪದರ ಅಡಿಯ ಕಾಂಕ್ರೀಟಿನಷ್ಟು ಗಟ್ಟಿ ಇರುವುದಿಲ್ಲ, ರೆಸಿನ್ ಅದನ್ನು ಹಿಡಿದರೆ ಅದರ ಜೊತೆಗೇ ಕಿತ್ತು ಬರುತ್ತದೆ ಎಂದು ಒಂದು ಚೂರು ಕಿತ್ತು ತೋರಿಸಿದೆ. ಆಮೇಲೆ ಡೈಮಂಡ್ ಗ್ರೈಂಡರ್ ಓಡಿಸುವಾಗ ಅವರೇ ನಿಂತು, ಇಲ್ಲಿ ಇನ್ನೂ ಉಳಿದಿದೆ ಎಂದು ತೋರಿಸುತ್ತಿದ್ದರು. ಆಸಿಡ್ ಹಾಕಿ ತೊಳೆದು ಮುಗಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಪಸೆ ತೆಗೆಯಬೇಕಾದ ನೆಲಕ್ಕೆ ಮತ್ತೆ ನೀರು ಕುಡಿಸುವುದು ಯಾಕೆ?

ಪಿಯು ಗಟ್ಟಿಯಾಗುವಾಗ ಅಂಚುಗಳನ್ನು ಎಳೆಯುತ್ತದೆ. ಹಾಗಾಗಿ ಚರಂಡಿಯ ಬದಿ, ಬಾಗಿಲು, ಗೋಡೆಯ ಬುಡದಲ್ಲಿ ದಪ್ಪದ ಎರಡರಷ್ಟು ಗಾಡಿ, ಅಂದರೆ ಉದ್ದನೆಯ ಸೀಳು, ಕೊರೆದು ಅದರೊಳಗೆ ಗಾರೆ ತುಂಬಬೇಕು. 9 ಮಿ.ಮೀ. ನೆಲಕ್ಕೆ 18 ಮಿ.ಮೀ. ಅಗಲ, ಅಷ್ಟೇ ಆಳ. ಇದನ್ನು ಬಿಟ್ಟವರ ನೆಲ ಮೊದಲು ಏಳುವುದು ಚರಂಡಿಯ ಬದಿಯಲ್ಲೇ. ಇಳಿಜಾರನ್ನು ಕಾಂಕ್ರೀಟಿನಲ್ಲೇ ಕೊಟ್ಟಿರಬೇಕು, ಮೀಟರಿಗೆ 1 ಸೆಂ.ಮೀ. ಕೆರೆಯುವುದಕ್ಕೆ ಎಷ್ಟೋ ಮೊದಲೇ ಒಂದು ಕೊಡ ನೀರು ಹೊಯ್ದು ನೋಡಿ, ನಿಂತ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಪ್ರೈಮರನ್ನು ನಾವು ಮಧ್ಯಾಹ್ನ ಮೂರರ ನಂತರ ಹಾಕುತ್ತೇವೆ. ಬೆಳಗ್ಗೆ ಹಾಕಿದರೆ ಕಾಂಕ್ರೀಟ್ ಬಿಸಿಯೇರುತ್ತಾ ಒಳಗಿನ ಗಾಳಿ ಹೊರಬಂದು ಸೂಜಿತೂತು ಬೀಳುತ್ತದೆ. ಕಲಸಿದ ಎಪಾಕ್ಸಿಯನ್ನು ಬಕೆಟ್‌ನಲ್ಲಿ ಬಿಟ್ಟರೆ ನಮ್ಮ ಸೆಕೆಗೆ ಬೇಗ ಕಾಯ್ದು ಹೊಗೆಯಾಡುತ್ತದೆ. ಕಲಸಿದ ಕೂಡಲೇ ನೆಲಕ್ಕೆ ಸುರಿಯಬೇಕು. ಡಬ್ಬ ಅರ್ಧ ಮಾಡಿ ಅಂದಾಜಿನಲ್ಲಿ ಬೆರೆಸುವುದಂತೂ ಕೂಡದು.

ಎಪಾಕ್ಸಿಯ ಮೇಲೆ ಮರುದಿನ ನಡೆಯಬಹುದು. ನೀರು, ಎಣ್ಣೆ, ಭಾರದ ಯಂತ್ರಕ್ಕೆ 7 ದಿನ ಬಿಡಬೇಕು. ಓವನ್ ತರುವವರಿಗೆ ಮಾವ ಈ ಲೆಕ್ಕದಲ್ಲೇ ದಿನ ಹೇಳಿದರು, ಇಳಿಸುವಾಗ ಪ್ಲೈವುಡ್ ಹಾಸಿಸಿದರು.

ಮೇ ಕೊನೆಗೆ ಫೋನ್ ಮಾಡುವವರಿಗೆ ನಾನು ಡಿಸೆಂಬರ್ ಎನ್ನುತ್ತೇನೆ. ಕಾಯಲು ಆಗದವರು ಅಡಿಗೆ ಕೋಣೆಯ ಪಿಯು ಸ್ಕ್ರೀಡ್ ಮಾತ್ರ ಮೊದಲು ಮಾಡಿಸಿಕೊಳ್ಳಲಿ, ಅದು ಸ್ವಲ್ಪ ಪಸೆ ಇದ್ದರೂ ತಾಳಿಕೊಳ್ಳುತ್ತದೆ. ಎಪಾಕ್ಸಿಯ ಕೋಣೆ ಮಳೆಗಾಲ ಮುಗಿಯುವವರೆಗೆ ಬರಿಯ ಕಾಂಕ್ರೀಟಿನಲ್ಲೇ ಇರಲಿ.