ಆಯಿಯ ಬೀಸುವ ಪದಗಳು ಮತ್ತು ಪಾಮ್‌ನ ಪುಟ್ಟ ಪರದೆ

ಕಳೆದ ವಾರ ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕನ್ನು ಬರಿದು ಮಾಡುತ್ತಿದ್ದಾಗ, ಪಾಮ್ ಎಂಬ ಅಂಗೈ ಕಂಪ್ಯೂಟರಿನ ಬ್ಯಾಕಪ್ ಫೋಲ್ಡರಿನಲ್ಲಿ ನಾನು ಮರೆತೇಹೋಗಿದ್ದ ಒಂದು ಪಿಡಿಬಿ ಕಡತ ಸಿಕ್ಕಿತು. ನಮ್ಮ ಆಯಿ, ಎಂದರೆ ತಂದೆಯ ತಾಯಿ, ಹೇಳಿದ ಬೀಸುವ ಪದಗಳನ್ನು 2000ದ ಬೇಸಿಗೆಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬೆಂಗಳೂರಿಗೆ ಬಂದು ಕಂಪ್ಯೂಟರಿಗೆ ಏರಿಸಿ, ಮತ್ತೆ ನವಲಗುಂದದ ಕಡೆಯ ನಮ್ಮ ಊರಿಗೆ ಹೋದಾಗ ಅಂಗೈಯಲ್ಲಿ ಹಿಡಿದ ಯಂತ್ರದಿಂದ ಆಕೆಗೇ ಓದಿ ಹೇಳಿದ ಕಡತ ಅದು.

ಯಂತ್ರವನ್ನು ಕೊಟ್ಟವರು ಅಮೆರಿಕದಲ್ಲಿದ್ದ ಸೋದರಮಾವ. ತಾವು ಹೊಸದನ್ನು ಕೊಂಡಾಗ ಹಳೆಯ ಪಾಮ್ 3 ನನ್ನ ಪಾಲಿಗೆ ಬಂತು. 1998ರಲ್ಲಿ ಮಾರುಕಟ್ಟೆಗೆ ಬಂದಿದ್ದ ಆ ಮಾದರಿಗೆ ಇದ್ದದ್ದು ಎರಡು ಮೆಗಾಬೈಟ್ ಮೆಮೊರಿ, ಅಡ್ಡಕ್ಕೆ 160 ಉದ್ದಕ್ಕೆ 160 ಚುಕ್ಕೆಗಳ ಕಪ್ಪುಬಿಳುಪು ಪರದೆ, ಎರಡು ಸಣ್ಣ ಬ್ಯಾಟರಿ ಸೆಲ್ಲುಗಳು. ಅದರ ಜೊತೆಗೇ ಬರುತ್ತಿದ್ದ ಮೆಮೊ ಪ್ಯಾಡ್‌ನಲ್ಲಿ ಒಂದು ಟಿಪ್ಪಣಿಗೆ ಸುಮಾರು ನಾಲ್ಕು ಸಾವಿರ ಅಕ್ಷರಗಳ ಮಿತಿಯಿತ್ತು. ಅದಕ್ಕಿಂತ ಉದ್ದದ್ದನ್ನು ಓದಬೇಕೆಂದರೆ ಬೇರೆ ತಂತ್ರಾಂಶ ಬೇಕು. ಆ ಕೊರತೆಯನ್ನು ತುಂಬಿದ್ದು ರಿಕ್ ಬ್ರ್ಯಾಮ್ ಎಂಬುವರು ರೂಪಿಸಿದ ಡಾಕ್ ಎಂಬ ಓದುಗ ತಂತ್ರಾಂಶ. ಮುಂದೆ ಅದು ಅಪೋರ್ಟಿಸ್‌ಡಾಕ್ ಎಂಬ ಹೆಸರಿನಲ್ಲಿ ಹರಡಿತು, ಸಿಸ್ಪಾಟ್‌ರನ್‌ನಂಥ ಉಚಿತ ಓದುಗಗಳೂ ಅದೇ ಕಡತಗಳನ್ನು ತೆರೆಯತೊಡಗಿದವು.

ಡಾಕ್ ಕಡತದ ಒಳರಚನೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಪಠ್ಯವನ್ನೆಲ್ಲ 4096 ಬೈಟ್‌ಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಕುಗ್ಗಿಸಿ ಇಡುತ್ತಾರೆ. ಆದ್ದರಿಂದ ಓದುವಾಗ ಕಣ್ಣೆದುರಿನ ತುಂಡನ್ನಷ್ಟೇ ಬಿಚ್ಚಿದರೆ ಸಾಕು, ಇಡೀ ಪುಸ್ತಕವನ್ನು ಮೆಮೊರಿಯಲ್ಲಿ ಹರಡಿಕೊಳ್ಳಬೇಕಿಲ್ಲ. ಕುಗ್ಗಿಸುವ ಉಪಾಯ ಇನ್ನೂ ಚೆಂದ. ಇಂಗ್ಲಿಷಿನ ಸಾದಾ ಅಕ್ಷರಗಳಿಗೆ ಒಂದು ಬೈಟಿನ 256 ಬೆಲೆಗಳಲ್ಲಿ ಮೊದಲ 128 ಸಾಕಾಗುತ್ತವೆ, ಉಳಿದರ್ಧ ಖಾಲಿ. ಆ ಖಾಲಿ ಜಾಗದ ಮೇಲಿನ 64 ಬೆಲೆಗಳು ‘ಒಂದು ಖಾಲಿಸ್ಥಳ ಮತ್ತು ಅದರ ಮುಂದಿನ ಅಕ್ಷರ’ ಎಂಬ ಜೋಡಿಯನ್ನು ಒಂದೇ ಬೈಟಿನಲ್ಲಿ ಹೇಳುತ್ತವೆ. ಕೆಳಗಿನ 64 ಬೆಲೆಗಳಿಂದ ಎರಡು ಬೈಟಿನ ಸೂಚನೆಯೊಂದು ಆರಂಭವಾಗುತ್ತದೆ: ಇಷ್ಟು ಹಿಂದಕ್ಕೆ ಹೋಗು, ಅಲ್ಲಿಂದ ಇಷ್ಟು ಅಕ್ಷರ ನಕಲು ಮಾಡು. ಹಿಂದಕ್ಕೆ ಹೋಗಬಹುದಾದ್ದು 2047 ಅಕ್ಷರಗಳವರೆಗೆ, ನಕಲು ಮಾಡಬಹುದಾದ್ದು ಮೂರರಿಂದ ಹತ್ತು ಅಕ್ಷರ. ಪಲ್ಲವಿ ಮರಳಿಮರಳಿ ಬರುವ ಬೀಸುವ ಪದಗಳಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಇರಲಾರದು. ಆಯಿ ಹಾಡುವಾಗ ಮಾಡುತ್ತಿದ್ದದ್ದೂ ಅದನ್ನೇ, ಹಿಂದಿನ ಸಾಲಿನ ಬಾಲವನ್ನು ಹಿಡಿದೇ ಮುಂದಿನ ಸಾಲನ್ನು ಎತ್ತಿಕೊಳ್ಳುತ್ತಿದ್ದಳು.

ಆದರೆ ಆ ಯಂತ್ರಕ್ಕೆ ಕನ್ನಡ ಲಿಪಿ ಗೊತ್ತಿರಲಿಲ್ಲ. ಬರಹದಂಥ ತಂತ್ರಾಂಶಗಳ ಫಾಂಟುಗಳು ಕಂಪ್ಯೂಟರಿನಲ್ಲಿ ಕನ್ನಡವನ್ನು ತೋರಿಸುತ್ತಿದ್ದರೂ ಅವು ಪಾಮ್‌ಗೆ ಬರುವಂತಿರಲಿಲ್ಲ. ಹಾಗಾಗಿ ಪದಗಳನ್ನೆಲ್ಲ ಬರಹದ ಲಿಪ್ಯಂತರ ಕ್ರಮದಲ್ಲಿ, ರೋಮನ್ ಅಕ್ಷರಗಳಲ್ಲಿಯೇ ಟೈಪು ಮಾಡಿದೆ. ಆ ಕ್ರಮದಲ್ಲಿ ಸಣ್ಣಕ್ಷರದ ಎಲ್ ಎಂದರೆ ಲ, ದೊಡ್ಡಕ್ಷರದ ಎಲ್ ಎಂದರೆ ಳ. ಸಣ್ಣ ಎನ್ ನ, ದೊಡ್ಡ ಎನ್ ಣ. ಮೊದಮೊದಲು ಶಬ್ದದ ನಡುವೆ ತಲೆಯೆತ್ತಿ ನಿಂತ ಆ ದೊಡ್ಡಕ್ಷರಗಳು ಕಣ್ಣಿಗೆ ಚುಚ್ಚುತ್ತಿದ್ದವು. ಎರಡು ವಾರ ಕಳೆಯುವಷ್ಟರಲ್ಲಿ ಅವು ಕಾಣದಂತಾಗಿ, ಕಿವಿಯಲ್ಲಿ ಕನ್ನಡವಷ್ಟೇ ಉಳಿಯಿತು. ಹೀಗೆ ಟೈಪು ಮಾಡಿದ ಕಡತವನ್ನು ಪ್ಯಾಟ್ ಬೀರ್ನ್ ಎಂಬುವರ ಮೇಕ್‌ಡಾಕ್‌ನಿಂದ ಡಾಕ್ ರೂಪಕ್ಕೆ ತಂದು, ತೊಟ್ಟಿಲಿನಂಥ ಸ್ಟ್ಯಾಂಡಿನಲ್ಲಿ ಪಾಮನ್ನು ಕೂರಿಸಿ, ಕಂಪ್ಯೂಟರಿನಿಂದ ಕಡತ ಸಾಗಿಸುವ ಹಾಟ್‌ಸಿಂಕ್ ಗುಂಡಿ ಒತ್ತಿದರೆ ಕೆಲಸ ಮುಗಿಯಿತು.

ಊರಿನ ಪಡಸಾಲೆಯಲ್ಲಿ ಸಂಜೆ ಕರೆಂಟು ಹೋದಾಗ, ಪವರ್ ಗುಂಡಿಯನ್ನು ಎರಡು ಸೆಕೆಂಡು ಒತ್ತಿ ಹಿಡಿದರೆ ಪರದೆಯ ಹಿಂದೆ ತಿಳಿಹಸಿರು ಬೆಳಕು ಹತ್ತುತ್ತಿತ್ತು. ಒಂದು ಪರದೆಗೆ ಹನ್ನೆರಡು ಹದಿಮೂರು ಸಾಲು, ಸಾಲಿಗೆ ಮೂವತ್ತರ ಆಸುಪಾಸಿನ ಅಕ್ಷರ. ಹೆಬ್ಬೆರಳಿನಿಂದ ಕೆಳಗಿನ ಗುಂಡಿ ಒತ್ತುತ್ತ ಹೋದರೆ ಪುಟ ಸರಿಯುತ್ತಿತ್ತು. ನಾನು ಓದುತ್ತಿದ್ದೆ, ಆಯಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಂದು ಕಡೆ ನಾನು ಬೇಗಬೇಗ ಟೈಪು ಮಾಡುತ್ತ ಶಿಫ್ಟ್ ಕೀಲಿ ಒತ್ತುವುದನ್ನು ಮರೆತಿದ್ದೆ. ಪರದೆಯ ಮೇಲಿದ್ದಂತೆಯೇ ಓದಿದೆ. “ಬೆಲಿ ಅಲ್ಲೋ ತಮ್ಮಾ, ಬೆಳಿ. ಹೊಲದಾಗಿಂದು ಬೆಳಿ, ಸಂತ್ಯಾಗಿಂದು ಬೆಲಿ” ಎಂದು ಆಕೆ ಕಣ್ಣು ತೆರೆಯದೆಯೇ ತಿದ್ದಿದಳು. ನೋಟ್‌ಬುಕ್ಕಿನಲ್ಲಿ ಸರಿಯಾಗಿದ್ದ ಬೆಳೆ, ಒಂದು ಸಣ್ಣಕ್ಷರದಿಂದಾಗಿ ಯಂತ್ರದಲ್ಲಿ ಬೆಲೆಯಾಗಿತ್ತು.

ಡಾಕ್ ಓದುವುದಕ್ಕೆ ಮಾತ್ರ, ತಿದ್ದಲು ಬರುತ್ತಿರಲಿಲ್ಲ. ಆದರೆ ಬುಕ್‌ಮಾರ್ಕ್ ಇಡಬಹುದಿತ್ತು, ಅದಕ್ಕೊಂದು ಚಿಕ್ಕ ಹೆಸರನ್ನೂ ಕೊಡಬಹುದಿತ್ತು. ಆಯಿ ತಡೆದಲ್ಲೆಲ್ಲ ಒಂದು ಗುರುತಿಟ್ಟು, ಸರಿಯಾದ ಶಬ್ದವನ್ನೇ ಅದರ ಹೆಸರಾಗಿ ಕಡ್ಡಿಯಿಂದ ಗೀಚುತ್ತ ಹೋದೆ. ಎರಡನೆಯ ದಿನ ಸೆಲ್ಲುಗಳು ಪೂರ್ತಿ ಇಳಿದುಹೋಗಿ, ಬ್ಯಾಟರಿಯ ಬಲದ ಮೇಲೆಯೇ ನಿಂತಿದ್ದ ಮೆಮೊರಿಯಲ್ಲಿದ್ದುದೆಲ್ಲ ಅಳಿಸಿಹೋಯಿತು. ಬೆಂಗಳೂರಿಗೆ ಮರಳಿ ಕಂಪ್ಯೂಟರಿನ ಪ್ರತಿಯಿಂದ ಪದಗಳನ್ನು ಮತ್ತೆ ತುಂಬಿಸಿಕೊಂಡೆನಾದರೂ ಗುರುತುಗಳು ಬರಲಿಲ್ಲ. ದೀಪಾವಳಿಗೆ ಹೋದಾಗ ಎಲ್ಲವನ್ನೂ ಮೊದಲಿನಿಂದ ಓದಿದೆ. ಆಕೆ ಒಮ್ಮೆಯೂ ಬೇಸರಪಡಲಿಲ್ಲ.

ಮರುವರ್ಷ, 2001ರಲ್ಲಿ, ಬೆಂಗಳೂರಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ ರೂಪಿಸಿದ ಸಿಂಪ್ಯೂಟರ್ ಸುದ್ದಿಯಾಯಿತು. ನಮ್ಮ ಭಾಷೆಗಳನ್ನು ತೋರಿಸುವ, ಅಕ್ಷರ ಬಾರದವರೂ ಬಳಸಬಹುದಾದ ಕೈಗಂಪ್ಯೂಟರು ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆಯಿಯೇ. ಅಮಿಡಾ ಎಂಬ ಹೆಸರಿನಲ್ಲಿ ಅದು ಕೊಳ್ಳಲು ಸಿಕ್ಕಿದ್ದು 2004ರಲ್ಲಿ. ಅಷ್ಟರಲ್ಲಿ ಆಯಿ ತೀರಿಕೊಂಡಿದ್ದಳು.

ಸಿಕ್ಕ ಕಡತ ಇ-ಪುಸ್ತಕಗಳನ್ನು ತೆರೆಯುವ ಕ್ಯಾಲಿಬರ್ ತಂತ್ರಾಂಶದಲ್ಲಿ ಒಂದೇ ಏಟಿಗೆ ತೆರೆದುಕೊಂಡಿತು. ಇದರಲ್ಲಿ ಅಚ್ಚರಿಯಿಲ್ಲ: ಡಾಕ್‌ನ ಅದೇ ಕುಗ್ಗಿಸುವ ಕ್ರಮವನ್ನು ಮೊಬಿಪಾಕೆಟ್ ಎಂಬ ಇ-ಪುಸ್ತಕ ಸಂಸ್ಥೆ ಮುಂದುವರಿಸಿತು, ಮೊಬಿಪಾಕೆಟನ್ನು 2005ರಲ್ಲಿ ಅಮೆಜಾನ್ ಕೊಂಡಿತು, ಕಿಂಡಲ್‌ನ ಮೊದಲ ಕಡತಗಳು ಆ ವಂಶದವೇ. ರೋಮನ್ ಪಠ್ಯವನ್ನು ಕನ್ನಡ ಲಿಪಿಗೆ ತಿರುಗಿಸಲು ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಬುಕ್‌ಮಾರ್ಕುಗಳು ಕಡತದ ಬಾಲದಲ್ಲಿ, ಹದಿನಾರು ಬೈಟಿನ ಹೆಸರು ಮತ್ತು ನಾಲ್ಕು ಬೈಟಿನ ಸ್ಥಾನಸೂಚನೆಯಾಗಿ ಹಾಗೆಯೇ ಕೂತಿದ್ದವು. ಒಟ್ಟು ಹನ್ನೊಂದು. ಹತ್ತು ಕಡೆ ಆಯಿ ಹೇಳಿದ್ದನ್ನು ನೋಡಿ ತಿದ್ದಿದೆ.

ಹನ್ನೊಂದನೆಯದರ ಹೆಸರು ‘ಕೇಳು’. ಆ ಸಾಲು ‘ಬಳಿ’ ಎಂಬ ಶಬ್ದದಲ್ಲಿ ಮುಗಿಯುತ್ತದೆ. ನಮ್ಮ ಕಡೆ ಕೈಗೆ ತೊಡುವ ಬಳೆಯೂ ಬಳಿಯೇ, ಗೋಡೆಗೆ ಮಣ್ಣು ಹಚ್ಚುವುದೂ ಬಳಿಯುವುದೇ, ಹತ್ತಿರ ಎಂಬುದಕ್ಕೂ ಅದೇ ಮಾತು. ಆ ಸಾಲಿಗೆ ಮೂರೂ ಹೊಂದುತ್ತವೆ. ಮುಂದಿನ ಸಲ ಹೋದಾಗ ಕೇಳೋಣವೆಂದು ಗುರುತಿಟ್ಟುಕೊಂಡಿದ್ದೆ, ಕೇಳಲಿಲ್ಲ. ಹೊಸ ಕಡತದಲ್ಲಿಯೂ ಆ ಗುರುತನ್ನು ಅದೇ ಹೆಸರಿನಲ್ಲಿ ಉಳಿಸಿಕೊಂಡಿದ್ದೇನೆ.